ಲೋಹದ ಫ್ಯಾಬ್ರಿಕೇಷನ್ ಸರಬರಾಜುದಾರರ ಆಯ್ಕೆ: ದರವೊಂದೇ ಮಾನದಂಡವಲ್ಲ

ತಯಾರಿಕೆಗೆ ಬೇಕಾದ ಎಲ್ಲ ಯಂತ್ರಗಳನ್ನೂ ಒಂದೇ ಸೂರಿನಡಿ ಹೊಂದಿರುವ ಸಣ್ಣ ಉದ್ದಿಮೆದಾರರು ವಿರಳ. ಹುಬ್ಬಳ್ಳಿಯ ಗೋಕುಲ ರಸ್ತೆಯಿರಲಿ, ಬೆಳಗಾವಿಯ ಉದ್ಯಮಬಾಗವಿರಲಿ, ಬೆಂಗಳೂರಿನ ಪೀಣ್ಯವಿರಲಿ, ಒಬ್ಬರು ತಗಡನ್ನು ಕತ್ತರಿಸಿ ಬಾಗಿಸಿದರೆ ಇನ್ನೊಬ್ಬರು ಬೆಸುಗೆ ಹಾಕುತ್ತಾರೆ, ಮತ್ತೊಬ್ಬರು ಬಣ್ಣ ಹಚ್ಚುತ್ತಾರೆ. ಕೊನೆಯಲ್ಲಿ ಒಬ್ಬರು ಇವನ್ನೆಲ್ಲ ಜೋಡಿಸಿ, ತಮ್ಮ ಹೆಸರಿನ ಫಲಕವನ್ನು ಅಂಟಿಸಿ ಗ್ರಾಹಕರಿಗೆ ಮಾರುತ್ತಾರೆ. ಗ್ರಾಹಕರಿಗೆ ಕಾಣುವುದು ಆ ಹೆಸರು ಮಾತ್ರ. ಬೆಸುಗೆ ಬಿಟ್ಟುಹೋದರೂ, ಬಣ್ಣ ಎದ್ದುಹೋದರೂ ದೂರು ಬರುವುದು ಆ ಹೆಸರಿನವರಿಗೇ. ಆದ್ದರಿಂದ ಫ್ಯಾಬ್ರಿಕೇಷನ್ ಕೆಲಸವನ್ನು ಹೊರಗೆ ಕೊಡುವವರು ವಾಸ್ತವವಾಗಿ ತಮ್ಮ ಹೆಸರನ್ನೇ ಇನ್ನೊಬ್ಬರ ಕೈಗೆ ಒಪ್ಪಿಸಿರುತ್ತಾರೆ. ಈ ನಿರ್ಧಾರವನ್ನು ಕೊಟೇಶನ್ನಿನ ಕೊನೆಯ ಸಾಲಿನ ಮೊತ್ತವೊಂದನ್ನೇ ನೋಡಿ ಕೈಗೊಳ್ಳುವುದು ಎಷ್ಟು ಸರಿ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಒಂದು ಸ್ವಂತ ಅನುಭವ

ಲೇಖಕನ ಘಟಕದಲ್ಲಿ ಮೋಟಾರು ಮತ್ತು ಕಂಪ್ರೆಸರುಗಳ ವಿದ್ಯುತ್ ನಿಯಂತ್ರಣ ಪ್ಯಾನಲ್‌ಗಳನ್ನು ತಯಾರಿಸಲಾಗುತ್ತದೆ. ಪ್ಯಾನಲ್‌ನ ಉಕ್ಕಿನ ಪೆಟ್ಟಿಗೆಗಳನ್ನು ಮೊದಲಿನಿಂದಲೂ ಹೊರಗಿನ ಫ್ಯಾಬ್ರಿಕೇಷನ್ ಘಟಕವೊಂದರಿಂದ ಮಾಡಿಸುತ್ತಿದ್ದೆವು. ಕೆಲವು ವರ್ಷಗಳ ಹಿಂದೆ ಶೀತಲೀಕರಣ ಯಂತ್ರಗಳನ್ನು ಸ್ಥಾಪಿಸುವ ಸಂಸ್ಥೆಯೊಂದರಿಂದ ನಲವತ್ತು ಪ್ಯಾನಲ್‌ಗಳ ಬೇಡಿಕೆ ಬಂದಿತು. ಹಳೆಯ ಸರಬರಾಜುದಾರರ ದರ ಪೆಟ್ಟಿಗೆಯೊಂದಕ್ಕೆ 9,500 ರೂಪಾಯಿ. ಹೊಸಬರೊಬ್ಬರು 8,300 ರೂಪಾಯಿಗೆ ಒಪ್ಪಿದರು. ಹಳಬರನ್ನು ಕರೆಸಿ ಅದೇ ದರಕ್ಕೆ ಇಳಿಯಿರಿ ಎಂದಾಗ ಅವರು ಹೇಳಿದ ಮಾತು ಇಂದಿಗೂ ನೆನಪಿದೆ: "ಸಾಹೇಬ್ರ, ದರಾ ಇಳಿಸಾಕ ಬರ್ತೈತ್ರಿ. ಆದ್ರ ಯಾವ ಕೆಲಸ ಬಿಡಬೇಕು ಅನ್ನೂದನ್ನ ನೀವ ಹೇಳಬೇಕ್ರಿ." ಅದನ್ನು ವ್ಯಾಪಾರದ ಚತುರ ಮಾತೆಂದು ಭಾವಿಸಿ ಕೆಲಸವನ್ನು ಹೊಸಬರಿಗೆ ಕೊಟ್ಟೆವು. ಉಳಿತಾಯ 48,000 ರೂಪಾಯಿ.

ಪೆಟ್ಟಿಗೆಗಳು ಹೊಳೆಯುವ ಬಣ್ಣದೊಂದಿಗೆ ಸಮಯಕ್ಕೆ ಸರಿಯಾಗಿ ಬಂದವು. ಹದಿನೆಂಟು ಪ್ಯಾನಲ್‌ಗಳು ಗದಗ, ಹಾವೇರಿ ಮೊದಲಾದ ಒಳನಾಡಿನ ಊರುಗಳಿಗೆ ಹೋದವು. ಅವುಗಳ ಬಗ್ಗೆ ದೂರು ಬರಲಿಲ್ಲ. ಇಪ್ಪತ್ತೆರಡು ಪ್ಯಾನಲ್‌ಗಳು ಕರಾವಳಿಯ ಮಂಜುಗಡ್ಡೆ ಘಟಕಗಳಿಗೆ ಹೋದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು, ಬಾಗಿಲಿನ ಅಂಚುಗಳಲ್ಲಿ ತುಕ್ಕು ಹಿಡಿದಿತ್ತು. ಬಾಗಿಲು ಸೊಟ್ಟಗಾಗಿ ರಬ್ಬರ್ ಗ್ಯಾಸ್ಕೆಟ್ ಕೂಡದೆ, ತೇವ ಒಳಹೊಕ್ಕು ಕೆಲವು ಕಾಂಟಾಕ್ಟರ್‌ಗಳು ಸುಟ್ಟಿದ್ದವು. ಪೆಟ್ಟಿಗೆಯೊಂದನ್ನು ಕತ್ತರಿಸಿ ನೋಡಿದಾಗ ವಿಷಯ ಸ್ಪಷ್ಟವಾಯಿತು. 2 ಮಿ.ಮೀ. ಬದಲಿಗೆ 1.6 ಮಿ.ಮೀ. ತಗಡು ಬಳಸಲಾಗಿತ್ತು, ಬಣ್ಣಕ್ಕೆ ಮೊದಲು ಮಾಡಬೇಕಾದ ಫಾಸ್ಫೇಟಿಂಗ್ ಕ್ರಿಯೆಯನ್ನು ಬಿಟ್ಟುಬಿಡಲಾಗಿತ್ತು. ಹಳಬರು ಕೇಳಿದ್ದ ಪ್ರಶ್ನೆಗೆ ಹೊಸಬರು ನಮ್ಮನ್ನು ಕೇಳದೆಯೇ ಉತ್ತರ ಕಂಡುಕೊಂಡಿದ್ದರು.

ಲೆಕ್ಕ ಹೀಗಾಯಿತು:

ಹೊಸ ಪೆಟ್ಟಿಗೆಗಳು (22 × 9,500): 2,09,000 ರೂ.
ಬಿಚ್ಚಿ ಮರುಜೋಡಣೆ ಮತ್ತು ವೈರಿಂಗ್ (22 × 3,000): 66,000 ರೂ.
ಸಾಗಾಣಿಕೆ ಮತ್ತು ಪ್ರಯಾಣ: 35,000 ರೂ.
ಒಟ್ಟು: 3,10,000 ರೂ.
ಮೊದಲು ಆದ ಉಳಿತಾಯ: 48,000 ರೂ.
ನಿವ್ವಳ ನಷ್ಟ: 2,62,000 ರೂ.

ಸುಟ್ಟ ಕಾಂಟಾಕ್ಟರ್‌ಗಳ ಬೆಲೆಯನ್ನು ಇದರಲ್ಲಿ ಸೇರಿಸಿಲ್ಲ. ಸೇರಿಸಲು ಸಾಧ್ಯವೇ ಇಲ್ಲದ ಇನ್ನೊಂದು ಬಾಬೂ ಇದೆ: ಆ ಗ್ರಾಹಕ ಸಂಸ್ಥೆ ಮತ್ತೆ ನಮಗೆ ಬೇಡಿಕೆ ಕಳುಹಿಸಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯ ಅರ್ಥ ವ್ಯಾಪಾರದಲ್ಲಿ ಹೀಗೆ ತಿಳಿಯಬಾರದಾಗಿತ್ತು.

ಕಡಿಮೆ ದರಕ್ಕೆ ಕಾರಣವೇನು?

ಕಡಿಮೆ ದರವೇ ಒಂದು ದೋಷವೆಂದು ಇದರ ಅರ್ಥವಲ್ಲ. ಲೇಸರ್ ಕತ್ತರಿಸುವ ಯಂತ್ರವಿದ್ದು, ತಗಡಿನ ಮೇಲೆ ಬಿಡಿಭಾಗಗಳನ್ನು ಒತ್ತೊತ್ತಾಗಿ ಹೊಂದಿಸಿ ಕತ್ತರಿಸುವವರಿಗೆ ಚೂರು ಕಡಿಮೆ ಉಳಿಯುತ್ತದೆ. ಉಕ್ಕನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರಿಗೆ ಅದು ಅಗ್ಗವಾಗಿ ಸಿಗುತ್ತದೆ. ಸಮೀಪದ ಘಟಕಕ್ಕೆ ಸಾಗಾಣಿಕೆಯ ವೆಚ್ಚವಿಲ್ಲ. ಇವೆಲ್ಲ ನ್ಯಾಯವಾದ ಕಾರಣಗಳು. ಇಂತಹ ಸರಬರಾಜುದಾರರು ದೊರೆತರೆ ಅದು ಲಾಭವೇ.

ಆದರೆ ಕಾರಣ ತಿಳಿಯದ ಕಡಿಮೆ ದರ ಅಪಾಯಕಾರಿ. ಫ್ಯಾಬ್ರಿಕೇಷನ್‌ನಲ್ಲಿ ಖರ್ಚು ಉಳಿಸಬಹುದಾದ ಜಾಗಗಳು ಮುಖ್ಯವಾಗಿ ನಾಲ್ಕು: ಲೋಹದ ದಪ್ಪ ಮತ್ತು ದರ್ಜೆ, ಬೆಸುಗೆ, ಮೇಲ್ಮೈ ಸಂಸ್ಕರಣೆ, ತಪಾಸಣೆ. ಈ ನಾಲ್ಕೂ ಬಣ್ಣ ಹಚ್ಚಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಕೊಟೇಶನ್ ಕೇಳುವಾಗ ಒಟ್ಟು ಮೊತ್ತದ ಬದಲು ಲೋಹ, ಕೂಲಿ, ಬಣ್ಣ ಮತ್ತು ಸಾಗಾಣಿಕೆಯ ವಿಂಗಡಣೆಯನ್ನು ಕೇಳುವುದು ಒಳ್ಳೆಯದು. ಲೋಹದ ತೂಕವನ್ನು ನಾವೇ ಲೆಕ್ಕ ಹಾಕಬಹುದಾದುದರಿಂದ, ಲೋಹದ ಬೆಲೆಗಿಂತ ಕೆಳಗೆ ಯಾರಾದರೂ ದರ ಹೇಳಿದ್ದರೆ ಅದು ಅಲ್ಲಿಯೇ ತಿಳಿದುಬರುತ್ತದೆ.

ತೂಕದ ಲೆಕ್ಕ

ಉಕ್ಕಿನ ಸಾಂದ್ರತೆ ಪ್ರತಿ ಘನ ಮೀಟರಿಗೆ 7,850 ಕಿಲೋಗ್ರಾಂ. ಈ ಒಂದು ಅಂಕಿ ನೆನಪಿನಲ್ಲಿದ್ದರೆ ಅನೇಕ ಮೋಸಗಳನ್ನು ತಡೆಯಬಹುದು. 2,500 × 1,250 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ತಗಡಿನ ತೂಕ ಸುಮಾರು 49 ಕಿಲೋ. ಅದೇ ತಗಡು 1.6 ಮಿ.ಮೀ. ದಪ್ಪವಿದ್ದರೆ ಸುಮಾರು 39 ಕಿಲೋ. ಪ್ರತಿ ತಗಡಿಗೆ ಹತ್ತು ಕಿಲೋ, ಅಂದರೆ ಶೇ. 20ರಷ್ಟು ಲೋಹ ಕಡಿಮೆ. ನಮ್ಮ ಪ್ರಕರಣದಲ್ಲಿ ದರ ಇಳಿದದ್ದು ಶೇ. 12ಕ್ಕಿಂತ ಸ್ವಲ್ಪ ಹೆಚ್ಚು. ಆ ಇಳಿಕೆ ಎಲ್ಲಿಂದ ಬಂದಿತೆಂಬುದನ್ನು ಒಂದು ತಕ್ಕಡಿಯೇ ಹೇಳಬಹುದಿತ್ತು.

ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆಯುವಾಗ ಒಂದು ಎಚ್ಚರಿಕೆ ಅಗತ್ಯ. ಪೌಡರ್ ಕೋಟಿಂಗ್ ಪದರ ಸಾಮಾನ್ಯವಾಗಿ ಒಂದು ಬದಿಗೆ 60ರಿಂದ 80 ಮೈಕ್ರಾನ್ ಇರುತ್ತದೆ. ಎರಡೂ ಬದಿ ಸೇರಿ ಸುಮಾರು 0.15 ಮಿ.ಮೀ. ಹೆಚ್ಚಾಗಿ ಕಾಣುತ್ತದೆ. ಇದನ್ನು ಕಳೆದು ನೋಡಬೇಕು. ಇಲ್ಲವೇ ಬಣ್ಣ ಹಚ್ಚುವ ಮೊದಲೇ ಅಳೆಯಬೇಕು. ಉಕ್ಕಿನ ಕಾರ್ಖಾನೆಗಳಲ್ಲಿಯೂ ತಗಡಿನ ದಪ್ಪದಲ್ಲಿ ಅಲ್ಪ ವ್ಯತ್ಯಾಸಕ್ಕೆ ಮಾನಕಗಳ ಪ್ರಕಾರ ಅವಕಾಶವಿದೆ. ಆದರೆ 2 ಮಿ.ಮೀ. ತಗಡು 1.6 ಆಗುವಷ್ಟು ಅವಕಾಶ ಯಾವ ಮಾನಕದಲ್ಲಿಯೂ ಇಲ್ಲ.

ಲೋಹದ ದರ್ಜೆ

ದಪ್ಪಕ್ಕಿಂತಲೂ ಕಷ್ಟದ ವಿಷಯ ದರ್ಜೆ. ಕಟ್ಟಡ ಮತ್ತು ಯಂತ್ರದ ಚೌಕಟ್ಟುಗಳಿಗೆ ಬಳಸುವ ಉಕ್ಕಿಗೆ ಐ.ಎಸ್. 2062, ಕೋಲ್ಡ್ ರೋಲ್ಡ್ ತಗಡಿಗೆ ಐ.ಎಸ್. 513, ಸತು ಲೇಪಿತ ತಗಡಿಗೆ ಐ.ಎಸ್. 277 ಎಂಬ ಭಾರತೀಯ ಮಾನಕಗಳಿವೆ. ಖರೀದಿ ಆದೇಶದಲ್ಲಿ 'ಒಳ್ಳೆಯ ಉಕ್ಕು' ಎಂದು ಬರೆಯುವ ಬದಲು ಮಾನಕದ ಸಂಖ್ಯೆ ಮತ್ತು ದರ್ಜೆಯನ್ನು ಬರೆಯಬೇಕು. ಜೊತೆಗೆ ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಬೇಕು. ಅದರಲ್ಲಿರುವ ಹೀಟ್ ಸಂಖ್ಯೆ ಅಥವಾ ಕಾಯಿಲ್ ಸಂಖ್ಯೆಯು ಸರಬರಾಜುದಾರರ ಗೋದಾಮಿನಲ್ಲಿರುವ ಲೋಹದ ಮೇಲಿನ ಗುರುತಿಗೆ ಹೊಂದುತ್ತದೆಯೇ ಎಂದು ನೋಡಬೇಕು. ಒಂದೇ ಪ್ರಮಾಣಪತ್ರದ ನಕಲನ್ನು ಹತ್ತು ಗ್ರಾಹಕರಿಗೆ ಕೊಡುವುದು ಕಷ್ಟವಲ್ಲ. ಸಂಖ್ಯೆ ಹೊಂದದ ಪ್ರಮಾಣಪತ್ರ ಬರಿಯ ಕಾಗದ.

ಆಹಾರ ಸಂಸ್ಕರಣೆ, ಹಾಲು ಮತ್ತು ಔಷಧ ಉದ್ದಿಮೆಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಉಪಕರಣಗಳನ್ನು ಒದಗಿಸುವವರು ಇಲ್ಲಿ ಇನ್ನಷ್ಟು ಜಾಗರೂಕರಾಗಿರಬೇಕು. 304 ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕಲ್ ಇರುತ್ತವೆ. 200 ಸರಣಿಯ ದರ್ಜೆಗಳಲ್ಲಿ ದುಬಾರಿಯಾದ ನಿಕಲ್‌ನ ಬಹುಭಾಗಕ್ಕೆ ಬದಲಾಗಿ ಮ್ಯಾಂಗನೀಸ್ ಇರುತ್ತದೆ. ಬೆಲೆ ಕಡಿಮೆ, ತುಕ್ಕು ತಡೆಯುವ ಶಕ್ತಿಯೂ ಕಡಿಮೆ. ಹೊಳಪಿನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು. ಅಯಸ್ಕಾಂತ ಹಿಡಿಯದಿದ್ದರೆ 304 ಎಂಬ ನಂಬಿಕೆ ನಮ್ಮ ವರ್ತಕರಲ್ಲಿ ವ್ಯಾಪಕವಾಗಿದೆ. ಇದು ತಪ್ಪು. 200 ಸರಣಿಯ ಉಕ್ಕಿಗೂ ಅಯಸ್ಕಾಂತ ಹಿಡಿಯುವುದಿಲ್ಲ. ಅಷ್ಟೇ ಅಲ್ಲ, ಬಾಗಿಸಿದ ಅಥವಾ ಒತ್ತಿದ ಜಾಗದಲ್ಲಿ ಅಸಲಿ 304 ಸಹ ಸ್ವಲ್ಪ ಆಕರ್ಷಣೆ ತೋರಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಮ್ಯಾಂಗನೀಸ್ ಅಂಶವನ್ನು ಬಣ್ಣದಿಂದ ತೋರಿಸುವ ರಾಸಾಯನಿಕ ಹನಿ ಪರೀಕ್ಷೆಯ ಕಿಟ್‌ಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ದೊಡ್ಡ ಬೇಡಿಕೆಯಾದರೆ ಎನ್.ಎ.ಬಿ.ಎಲ್. ಮಾನ್ಯತೆಯುಳ್ಳ ಪ್ರಯೋಗಾಲಯಕ್ಕೆ ಒಂದು ತುಣುಕನ್ನು ಕಳುಹಿಸುವುದು ಉತ್ತಮ.

ಬೆಸುಗೆ ಮತ್ತು ಬಣ್ಣ

ಬೆಸುಗೆಯ ಗುಣವು ಯಂತ್ರಕ್ಕಿಂತ ಹೆಚ್ಚಾಗಿ ಕೆಲಸಗಾರರ ಕೈ ಮತ್ತು ಘಟಕದ ಶಿಸ್ತನ್ನು ಅವಲಂಬಿಸಿದೆ. ಬೆಸುಗೆಯ ಅಂಚಿನಲ್ಲಿ ಮೂಲ ಲೋಹ ಕೊರೆದುಹೋಗಿರುವುದು, ಸಣ್ಣ ರಂಧ್ರಗಳು, ಉದ್ದಕ್ಕೂ ಒಂದೇ ಸಮನಾಗಿಲ್ಲದ ಅಗಲ, ಕಾವಿನಿಂದ ತಗಡು ಸೊಟ್ಟಗಾಗಿರುವುದು, ಇವನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು. ಕಣ್ಣಿಗೆ ಕಾಣದ ಬಿರುಕುಗಳನ್ನು ಬಣ್ಣದ ದ್ರಾವಣ ಸವರಿ ನೋಡುವ ಡೈ ಪೆನೆಟ್ರಂಟ್ ಪರೀಕ್ಷೆ ಹೆಚ್ಚಿನ ವೆಚ್ಚದ್ದಲ್ಲ. ಭಾರ ಹೊರುವ ಚೌಕಟ್ಟು, ಒತ್ತಡದ ತೊಟ್ಟಿ ಮುಂತಾದವುಗಳಲ್ಲಿ, ಬೆಸುಗೆಗಾರರು ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆಯೇ ಎಂಬುದನ್ನು ಕೇಳಿ ದಾಖಲೆ ಪಡೆಯಲೇಬೇಕು. ಅಲ್ಲಿ ಬೆಸುಗೆ ಬಿಟ್ಟರೆ ಹೋಗುವುದು ಹಣ ಮಾತ್ರವಲ್ಲ, ಕೆಲಸಗಾರರ ಪ್ರಾಣವೂ ಹೋಗಬಹುದು.

ಬಣ್ಣದ ವಿಷಯದಲ್ಲಿ ಮೇಲಿನ ಪದರಕ್ಕಿಂತ ಕೆಳಗಿನ ಸಿದ್ಧತೆಯೇ ಮುಖ್ಯ. ನಮ್ಮಲ್ಲಿ 'ಸೆವೆನ್ ಟ್ಯಾಂಕ್' ಎಂದು ಕರೆಯುವ ಪ್ರಕ್ರಿಯೆಯಲ್ಲಿ ಜಿಡ್ಡು ತೆಗೆಯುವುದು, ತೊಳೆಯುವುದು, ತುಕ್ಕು ತೆಗೆಯುವುದು, ಮತ್ತೆ ತೊಳೆಯುವುದು, ಫಾಸ್ಫೇಟಿಂಗ್, ಮತ್ತೊಮ್ಮೆ ತೊಳೆಯುವುದು, ಕೊನೆಯಲ್ಲಿ ಪ್ಯಾಸಿವೇಷನ್ ಎಂಬ ಹಂತಗಳಿವೆ. ಫಾಸ್ಫೇಟ್ ಪದರ ಬಣ್ಣವನ್ನು ಲೋಹಕ್ಕೆ ಗಟ್ಟಿಯಾಗಿ ಹಿಡಿದಿಡುತ್ತದೆ. ಬಣ್ಣಕ್ಕೆ ಗೀರು ಬಿದ್ದರೂ ತುಕ್ಕು ಅದರಡಿಯಲ್ಲಿ ಹರಡದಂತೆ ತಡೆಯುತ್ತದೆ. ಇದನ್ನು ಬಿಟ್ಟರೂ ಪೆಟ್ಟಿಗೆ ಮೊದಲ ದಿನ ಅಷ್ಟೇ ಸುಂದರವಾಗಿ ಕಾಣುತ್ತದೆ. ಒಳನಾಡಿನ ಒಣ ಹವೆಯಲ್ಲಿ ದೋಷ ಬಹುಕಾಲ ಅಡಗಿರಬಹುದು. ಕರಾವಳಿಯ ಉಪ್ಪಿನ ಗಾಳಿಯಲ್ಲಿ ಒಂದೇ ಮಳೆಗಾಲ ಸಾಕು. ನಮ್ಮ ನಲವತ್ತು ಪೆಟ್ಟಿಗೆಗಳಲ್ಲಿ ಹದಿನೆಂಟು ಉಳಿದು ಇಪ್ಪತ್ತೆರಡು ಕೆಟ್ಟದ್ದಕ್ಕೆ ಇದೇ ಕಾರಣ. ಮಾಲು ಎಲ್ಲಿ ಬಳಕೆಯಾಗಲಿದೆ ಎಂಬುದನ್ನು ಸರಬರಾಜುದಾರರಿಗೆ ನಾವು ತಿಳಿಸಿರಲಿಲ್ಲವೆಂಬ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಬಣ್ಣದ ಹಿಡಿತವನ್ನು ಪರೀಕ್ಷಿಸಲು ಅದರ ಮೇಲೆ ಅಡ್ಡಡ್ಡ ಉದ್ದುದ್ದ ಗೀರುಗಳನ್ನೆಳೆದು, ಅಂಟುಪಟ್ಟಿ ಹಚ್ಚಿ ಕೀಳುವ ಸರಳ ವಿಧಾನವಿದೆ. ಮಾದರಿ ತುಣುಕಿನ ಮೇಲೆ ಇದನ್ನು ಎರಡು ನಿಮಿಷದಲ್ಲಿ ಮಾಡಬಹುದು.

ಘಟಕಕ್ಕೆ ಭೇಟಿ

ಕೊಟೇಶನ್ ನೋಡಿ ಆಯ್ಕೆ ಮಾಡುವ ಬದಲು ಘಟಕವನ್ನು ಕಣ್ಣಾರೆ ಕಂಡು ಆಯ್ಕೆ ಮಾಡಬೇಕು. ಕಚೇರಿಯಲ್ಲಿ ಚಹಾ ಕುಡಿದು ಹಿಂದಿರುಗದೆ ಕೆಲಸದ ಜಾಗದಲ್ಲಿ ಒಂದು ಗಂಟೆ ನಿಲ್ಲಬೇಕು. ಲೋಹವನ್ನು ದರ್ಜೆಗನುಗುಣವಾಗಿ ಬೇರೆಬೇರೆಯಾಗಿ, ಮಳೆ ತಾಗದಂತೆ ಇಟ್ಟಿದ್ದಾರೆಯೇ? ಬೆಸುಗೆಯ ಕಡ್ಡಿಗಳ ಡಬ್ಬಿಗಳು ತೆರೆದು ಬಿದ್ದಿವೆಯೇ, ಒಣಗಿದ ಜಾಗದಲ್ಲಿವೆಯೇ? ಕೆಲಸಗಾರರ ಕೈಯಲ್ಲಿರುವ ನಕ್ಷೆ ಇತ್ತೀಚಿನ ತಿದ್ದುಪಡಿಯದೇ? ಅಳತೆಯ ಉಪಕರಣಗಳಿಗೆ ಕ್ಯಾಲಿಬ್ರೇಷನ್ ಆಗಿದೆಯೇ? ತಿರಸ್ಕೃತ ಮಾಲನ್ನು ಪ್ರತ್ಯೇಕವಾಗಿಟ್ಟಿದ್ದಾರೆಯೇ? ಈ ಕೊನೆಯ ಪ್ರಶ್ನೆ ವಿಶೇಷವಾದುದು. ತಿರಸ್ಕೃತ ಮಾಲೇ ಇಲ್ಲದ ಘಟಕದಲ್ಲಿ ತಪಾಸಣೆಯೇ ನಡೆಯುತ್ತಿಲ್ಲವೆಂದು ತಿಳಿಯಬೇಕು.

ಗೋಡೆಯ ಮೇಲಿನ ಐ.ಎಸ್.ಒ. 9001 ಪ್ರಮಾಣಪತ್ರವನ್ನು ಗೌರವಿಸೋಣ. ಆದರೆ ಅದು ಪ್ರಮಾಣೀಕರಿಸುವುದು ಕೆಲಸದ ವ್ಯವಸ್ಥೆಯನ್ನು, ಮಾಲನ್ನಲ್ಲ ಎಂಬುದು ನೆನಪಿರಲಿ. ಪ್ರಮಾಣಪತ್ರ ನೀಡಿದ ಸಂಸ್ಥೆಗೆ ಮಾನ್ಯತೆ ಇದೆಯೇ, ಅದರಲ್ಲಿ ಬರೆದಿರುವ ಕೆಲಸದ ವ್ಯಾಪ್ತಿ ನಮಗೆ ಬೇಕಾದ ಕೆಲಸವನ್ನು ಒಳಗೊಂಡಿದೆಯೇ, ಅವಧಿ ಮುಗಿದಿದೆಯೇ ಎಂಬುದನ್ನು ನೋಡಬೇಕು.

ವಿಶ್ವಾಸಾರ್ಹತೆ ಕೇವಲ ಕಾರ್ಖಾನೆಯ ವಿಷಯವಲ್ಲ. ಲೆಕ್ಕಪತ್ರದ ವಿಷಯವೂ ಹೌದು. 2022ರ ಜನವರಿಯಿಂದ, ಸರಬರಾಜುದಾರರು ತಮ್ಮ ಜಿ.ಎಸ್.ಟಿ. ವಿವರದಲ್ಲಿ ತೋರಿಸಿದ ಬಿಲ್ಲುಗಳಿಗೆ ಮಾತ್ರ ಖರೀದಿದಾರರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಶೇ. 18 ತೆರಿಗೆಯಿರುವ ಒಂದು ಲಕ್ಷ ರೂಪಾಯಿಯ ಮಾಲಿನಲ್ಲಿ 18,000 ರೂಪಾಯಿ ಹೀಗೆ ಸಿಕ್ಕಿಕೊಂಡರೆ, ದರದಲ್ಲಿ ಉಳಿಸಿದ ಶೇ. 5 ಅಥವಾ 10 ಯಾವ ಲೆಕ್ಕಕ್ಕೂ ಬರುವುದಿಲ್ಲ. ಸರಬರಾಜುದಾರರ ಜಿ.ಎಸ್.ಟಿ. ಸಂಖ್ಯೆಯಿಂದ ಅವರು ವಿವರಗಳನ್ನು ನಿಯಮಿತವಾಗಿ ಸಲ್ಲಿಸುತ್ತಿದ್ದಾರೆಯೇ ಎಂಬುದನ್ನು ಜಿ.ಎಸ್.ಟಿ. ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಪ್ರಾಯೋಗಿಕ ಆದೇಶ ಮತ್ತು ಮೌಲ್ಯಮಾಪನ

ಹೊಸ ಸರಬರಾಜುದಾರರಿಗೆ ಮೊದಲ ದಿನವೇ ಪೂರ್ಣ ಬೇಡಿಕೆ ಕೊಡಬಾರದು. ಮೊದಲು ಒಂದೇ ನಗ ಮಾಡಿಸಿ, ಬಣ್ಣ ಹಚ್ಚುವ ಮೊದಲೊಮ್ಮೆ ಮತ್ತು ಹಚ್ಚಿದ ಮೇಲೊಮ್ಮೆ ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ಒಪ್ಪಿದ ಮಾದರಿಯನ್ನು ಸಹಿ ಮಾಡಿ ಇಟ್ಟುಕೊಳ್ಳಬೇಕು. ನಂತರ ಸಣ್ಣ ಪ್ರಮಾಣದ ಎರಡು ಮೂರು ಆದೇಶಗಳಲ್ಲಿ ಅವರ ನಡತೆಯನ್ನು ಗಮನಿಸಬೇಕು. ಮೊದಲ ನಗವನ್ನು ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಮೂರನೆಯ ಆದೇಶದ ಮೂವತ್ತನೆಯ ನಗ ಹೇಗಿದೆ ಎಂಬುದೇ ನಿಜವಾದ ಪರೀಕ್ಷೆ.

ಅಂಕಗಳ ಮೂಲಕ ತೂಗಿ ನೋಡುವುದು ಅನುಕೂಲಕರ. ಗುಣಮಟ್ಟಕ್ಕೆ 35, ಸಮಯಪಾಲನೆಗೆ 25, ದರಕ್ಕೆ 25, ದಾಖಲೆ ಹಾಗೂ ಸ್ಪಂದನೆಗೆ 15 ಅಂಕಗಳನ್ನಿಟ್ಟುಕೊಂಡು ವರ್ಷಕ್ಕೆರಡು ಬಾರಿ ಪಟ್ಟಿ ಮಾಡಬಹುದು. ಕೆಲಸಕ್ಕೆ ತಕ್ಕಂತೆ ಈ ಅಂಕಗಳು ಬದಲಾಗಲಿ. ಚೂರು ತುಂಬುವ ಡಬ್ಬಿಗೆ ದರವೇ ಮುಖ್ಯವಾಗಬಹುದು, ಭಾರ ಎತ್ತುವ ಕೊಕ್ಕೆಗೆ ಆಗದು. ತಡವಾಗುವುದಾದರೆ ಮುಂಚಿತವಾಗಿ ತಿಳಿಸುವವರಿಗೆ ಸ್ಪಂದನೆಯ ಅಂಕಗಳು ಪೂರ್ಣವಾಗಿ ಸಲ್ಲಬೇಕು. ತಡವೆಂದು ಎಂಟು ದಿನ ಮೊದಲೇ ತಿಳಿದರೆ ಬೇರೆ ವ್ಯವಸ್ಥೆ ಮಾಡಬಹುದು. ಲಾರಿ ಬಂದು ನಿಂತ ಮೇಲೆ ತಿಳಿದರೆ ಮಾಡುವುದೇನೂ ಉಳಿಯುವುದಿಲ್ಲ.

ಗುಣಮಟ್ಟ ತಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅವರು ಆಡಳಿತಗಾರರಿಗಾಗಿ ಹೇಳಿದ ಹದಿನಾಲ್ಕು ಸೂತ್ರಗಳಲ್ಲಿ ನಾಲ್ಕನೆಯದು ಇದೇ ವಿಷಯವನ್ನು ಕುರಿತದ್ದು. ಬೆಲೆಚೀಟಿಯನ್ನಷ್ಟೇ ನೋಡಿ ವ್ಯವಹಾರ ಕೊಡುವ ಪದ್ಧತಿಯನ್ನು ಬಿಟ್ಟು ಒಟ್ಟು ವೆಚ್ಚವನ್ನು ತಗ್ಗಿಸಬೇಕು, ಒಂದೊಂದು ವಸ್ತುವಿಗೆ ಒಬ್ಬರೇ ಸರಬರಾಜುದಾರರೊಂದಿಗೆ ದೀರ್ಘಕಾಲದ ನಂಬಿಕೆಯ ಸಂಬಂಧ ಬೆಳೆಸಬೇಕು ಎಂಬುದು ಅದರ ಸಾರ. ವಿದ್ಯುತ್ ಕಡಿತ, ಕೆಲಸಗಾರರ ಅಭಾವಗಳಿಗೆ ಒಡ್ಡಿಕೊಂಡಿರುವ ನಮ್ಮ ಸಣ್ಣ ಘಟಕಗಳ ಸ್ಥಿತಿಯಲ್ಲಿ ಒಬ್ಬರನ್ನೇ ಪೂರ್ಣವಾಗಿ ಅವಲಂಬಿಸುವುದು ಕಷ್ಟ. ಮುಖ್ಯ ಸರಬರಾಜುದಾರರೊಬ್ಬರು, ನಮ್ಮ ನಕ್ಷೆಗಳ ಪರಿಚಯವುಳ್ಳ ಇನ್ನೊಬ್ಬರು ಇದ್ದರೆ ಸಾಕು. ಪ್ರತಿ ಆದೇಶಕ್ಕೂ ಐದು ಮಂದಿಯನ್ನು ಹರಾಜಿಗೆ ನಿಲ್ಲಿಸಿದರೆ ನಮ್ಮ ಕೆಲಸವನ್ನು ತಮ್ಮದೆಂದು ತಿಳಿಯುವವರು ಒಬ್ಬರೂ ಉಳಿಯುವುದಿಲ್ಲ.

ಖರೀದಿದಾರರ ಕರ್ತವ್ಯ

ವಿಶ್ವಾಸಾರ್ಹ ಸರಬರಾಜುದಾರರು ಬೇಕೆನ್ನುವವರು ತಾವೂ ವಿಶ್ವಾಸಾರ್ಹ ಖರೀದಿದಾರರಾಗಿರಬೇಕು. ಅಳತೆ, ಅನುಮತಿಸಬಹುದಾದ ವ್ಯತ್ಯಾಸ, ಲೋಹದ ದರ್ಜೆ, ಬೆಸುಗೆಯ ಗಾತ್ರ, ಬಣ್ಣದ ದಪ್ಪ, ಬಳಕೆಯ ಸ್ಥಳ ಇವೆಲ್ಲವನ್ನೂ ಒಳಗೊಂಡ ನಕ್ಷೆ ಕೊಡುವುದು ನಮ್ಮ ಹೊಣೆ. ಬಾಯಿಮಾತಿನಲ್ಲಿ ಹೇಳಿ, ಮಾಲು ಬಂದ ಮೇಲೆ ಜಗಳವಾಡುವುದು ಸಲ್ಲದು.

ಹಣ ಪಾವತಿಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಒಪ್ಪಂದದ ಅವಧಿಯೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ, ಹಣ ಸಂದಾಯವಾಗಬೇಕು. ಲಿಖಿತ ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ವೆಚ್ಚವಾಗಿ ತೋರಿಸಬಹುದೆಂಬ ನಿಯಮವನ್ನು 2023ರ ಹಣಕಾಸು ಕಾಯ್ದೆ ಸೇರಿಸಿತು. ಇದೇ 2006ರ ಕಾಯ್ದೆಯಲ್ಲಿ ಖರೀದಿದಾರರು ಮರೆಯಬಾರದ ಇನ್ನೊಂದು ಅಂಶವಿದೆ. ಮಾಲು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಮಾಲನ್ನು ಒಪ್ಪಿಕೊಂಡಂತೆಯೇ ಪರಿಗಣಿಸಲಾಗುತ್ತದೆ. ಆದ್ದರಿಂದ ಬಂದ ಮಾಲನ್ನು ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಟ್ಟು ನಂತರ ದೋಷ ಹುಡುಕುವ ಅಭ್ಯಾಸವನ್ನು ಬಿಟ್ಟು, ಬಂದ ವಾರದಲ್ಲೇ ಅಳೆದು, ತೂಗಿ, ದೋಷವಿದ್ದರೆ ಬರೆದು ತಿಳಿಸಬೇಕು.

ಕಾನೂನಿನ ಮಾತು ಹಾಗಿರಲಿ, ವ್ಯವಹಾರದ ಮಾತೂ ಇದೆ. ಮೂರು ತಿಂಗಳು ಹಣ ತಡೆಹಿಡಿಯುವ ಖರೀದಿದಾರರಿಗೆ ಕೆಲಸಗಾರರು ಆ ಬಡ್ಡಿಯನ್ನು ಎಲ್ಲಾದರೂ ಸರಿದೂಗಿಸಿಕೊಳ್ಳಲೇಬೇಕಾಗುತ್ತದೆ. ಅದು ತಗಡಿನ ದಪ್ಪದಲ್ಲಿಯೋ ಬಣ್ಣದ ತೊಟ್ಟಿಯಲ್ಲಿಯೋ ಎಂಬುದು ನಮಗೆ ತಿಳಿಯುವುದು ತಡವಾಗಿ.

ಆ ಇಪ್ಪತ್ತೆರಡು ಪೆಟ್ಟಿಗೆಗಳನ್ನು ಮತ್ತೆ ಮಾಡಿಕೊಟ್ಟವರು ನಮ್ಮ ಹಳೆಯ ಸರಬರಾಜುದಾರರೇ. ಅವರು ದರವನ್ನೂ ಏರಿಸಲಿಲ್ಲ, ಹಳೆಯ ಮಾತನ್ನೂ ಎತ್ತಲಿಲ್ಲ. ಅಂದಿನಿಂದ ನಮ್ಮ ಖರೀದಿ ಆದೇಶದಲ್ಲಿ ತಗಡಿನ ತೂಕ, ಬಣ್ಣದ ಹಂತಗಳು, ಮಾಲು ಹೋಗುವ ಊರು ಇಷ್ಟನ್ನೂ ಬರೆಯುತ್ತೇವೆ. ಹಣವನ್ನು 30 ದಿನಗಳಲ್ಲಿ ಕೊಡುತ್ತೇವೆ. ದರದ ಚರ್ಚೆ ಈಗಲೂ ನಡೆಯುತ್ತದೆ, ನಡೆಯಲೂಬೇಕು. ಆದರೆ ದರ ಇಳಿದಾಗಲೆಲ್ಲ ಯಾವ ಕೆಲಸವನ್ನು ಬಿಡಲಾಗುತ್ತಿದೆ ಎಂದು ಈಗ ನಾವೇ ಕೇಳುತ್ತೇವೆ. ಸದಸ್ಯ ಬಂಧುಗಳು ಮುಂದಿನ ಕೊಟೇಶನ್ ಕೈಗೆ ಬಂದಾಗ ಈ ಒಂದು ಪ್ರಶ್ನೆಯನ್ನು ಕೇಳಿದರೆ ಈ ಲೇಖನದ ಉದ್ದೇಶ ಸಾರ್ಥಕವಾದಂತೆ.